ಒಬ್ಬಳಿಗೆ ವರ್ಷದ ಖಾರ

ಕಳೆದ ವಾರ ಹಾವೇರಿಯಿಂದ ರಾಣೇಬೆನ್ನೂರಿಗೆ ಹೊರಟ ಬಸ್ಸು ಮೋಟೆಬೆನ್ನೂರು ಕ್ರಾಸಿನಲ್ಲಿ ನಿಂತಾಗ ಒಬ್ಬ ಹೆಂಗಸು ಮೆಣಸಿನಕಾಯಿಯ ಚೀಲ ಎಳೆದುಕೊಂಡು ಹತ್ತಿದಳು. ಬ್ಯಾಡಗಿಯ ರಸ್ತೆ ಬಂದು ಹೆದ್ದಾರಿಯನ್ನು ಕೂಡುವುದು ಅಲ್ಲಿಯೇ. ಚೀಲವನ್ನು ಆಕೆ ನನ್ನ ಸೀಟಿನ ಪಕ್ಕಕ್ಕೇ ಒರಗಿಸಿದಳು. ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಡ್ರೈವರನ ಹಿಂದೆ ಕುಳಿತವರೊಬ್ಬರು ಸೀನಿದರು, ಆಮೇಲೆ ಅವರ ಹಿಂದಿನವರು, ಆಮೇಲೆ ಯಾರದೋ ತೊಡೆಯ ಮೇಲಿನ ಕೂಸು. ಕಂಡಕ್ಟರ್ ಟಿಕೆಟ್ ಕೊಡುತ್ತ ತಾನೂ ಸೀನಿ, "ಯವ್ವಾ, ನಿನ್ನ ಚೀಲಕ್ಕ ಲಗೇಜ್ ಟಿಕೀಟ ಬ್ಯಾಡ, ಬಸ್ಸಿನ ಮಂದಿಗೆಲ್ಲಾ ಒಂದೊಂದು ಕರ್ಚೀಪ್ ಕೊಡಸು" ಎಂದ. ಎಲ್ಲರೂ ನಕ್ಕರು. ನನಗೆ ಸೀನು ಬರಲಿಲ್ಲ. ಆ ಘಾಟಿನಲ್ಲಿ ಒಂದು ವರ್ಷ ಇದ್ದವಳು ನಾನು. ಆದರೆ ರಾಣೇಬೆನ್ನೂರು ಬರುವವರೆಗೂ ನನಗೆ ಆ ವರ್ಷದ ವಿನಾ ಬೇರೆ ಏನೂ ನೆನಪಿಗೆ ಬರಲಿಲ್ಲ.

ಆ ವರ್ಷ ನಾನು ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ಹಿಂದಿ ಕಲಿಸುತ್ತಿದ್ದೆ. ಊರು ನನಗೆ ಹೊಸದೇನಲ್ಲ. ನಮ್ಮ ಮನೆ ರಾಣೇಬೆನ್ನೂರಿನಲ್ಲಿ, ಅಪ್ಪನದು ಬೀಜದ ಅಂಗಡಿ. ಮೆಣಸಿನಕಾಯಿಯ ಸುಗ್ಗಿ ಬಂತೆಂದರೆ ಅವ್ವ ನನ್ನನ್ನು ಕರೆದುಕೊಂಡು ಬ್ಯಾಡಗಿಗೆ ಬರುತ್ತಿದ್ದಳು, ವರ್ಷದ ಖಾರಕ್ಕೆ. ನಮ್ಮ ಕಡೆ ಖಾರಪುಡಿಯನ್ನು ತಿಂಗಳು ತಿಂಗಳು ತರುವ ರೂಢಿ ಇರಲಿಲ್ಲ. ಸುಗ್ಗಿಯಲ್ಲಿ ಒಮ್ಮೆ ಕಾಯಿ ಕೊಂಡು, ಬಿಸಿಲಿಗೆ ಹಾಕಿ, ತೊಟ್ಟು ಮುರಿದು, ಗಿರಣಿಯಲ್ಲಿ ಕುಟ್ಟಿಸಿ, ಇಂಗಿನ ಹರಳು ಹಾಕಿ ಭರಣಿಗೆ ತುಂಬಿದರೆ ಮುಂದಿನ ಸುಗ್ಗಿಯವರೆಗೆ ಆ ಚಿಂತೆ ಇಲ್ಲ. ಎಷ್ಟು ಕೊಳ್ಳಬೇಕು ಎನ್ನುವುದರಲ್ಲೇ ಎಲ್ಲ ಜಾಣತನ. ಮನೆಯಲ್ಲಿ ಉಣ್ಣುವವರೆಷ್ಟು, ಯಾರ ನಾಲಿಗೆಗೆ ಖಾರ ಜಾಸ್ತಿ ಬೇಕು, ಮದುವೆ ಸೀಮಂತ ಏನಾದರೂ ಬರುವುದಿದೆಯೇ, ಇಷ್ಟನ್ನೂ ಮನಸ್ಸಿನಲ್ಲೇ ಕೂಡಿಸಿ ಅವ್ವ ಅಂಗಡಿಯವನಿಗೆ ಒಂದು ಮಾತು ಹೇಳುತ್ತಿದ್ದಳು. ಆ ಮಾತು ಎಂದೂ ತಪ್ಪಿದ್ದಿಲ್ಲ. ಅಪ್ಪನ ಹಿಂದೆ ಅವ್ವನೂ ತೀರಿಹೋದ ಮೇಲೆ ಆ ಮಾತು ಹೇಳುವವಳು ನಾನಾದೆ.

ಖಾರವಷ್ಟೇ ಅಲ್ಲ, ಮನೆಯ ಸಂತೆಯೆಲ್ಲ ನನ್ನ ಕೈಗೆ ಬಂತು. ನನಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರು ಈಗ ಕಡಿಮೆಯಾಗಿದ್ದಾರೆ, ವಯಸ್ಸಾದದ್ದರಿಂದ ಆದ ಲಾಭ ಅದೊಂದು. ತಮ್ಮಂದಿರಾದ ಮಹೇಶ ಮತ್ತು ಗಿರೀಶ ಅಂಗಡಿ ನೋಡಿಕೊಂಡರು, ಅವರ ಹೆಂಡತಿಯರಾದ ಸುಧಾ ಮತ್ತು ವಿದ್ಯಾ ಅಡುಗೆ ನೋಡಿಕೊಂಡರು, ನಾನು ಶಾಲೆ ಮುಗಿಸಿ ಬಂದು ಸಂತೆ ನೋಡಿಕೊಂಡೆ. ಬದನೆಕಾಯಿಯ ತೊಟ್ಟು ಹಿಡಿದು ತಿರುಗಿಸಿ ನೋಡದೆ ಎಂದೂ ಕೊಂಡವಳಲ್ಲ. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. "ಅಕ್ಕ ಬಂದ್ಲು ಅಂದ್ರ ಸಂತ್ಯಾಗ ಅರ್ಧ ಮಂದಿ ಅಂಗಡಿ ಎತ್ತತಾರ" ಎಂದು ಮಹೇಶ ಚೇಷ್ಟೆ ಮಾಡುತ್ತಿದ್ದ. ಮಾಡಲಿ. ತಂದ ಚೀಲವನ್ನು ನಡುಮನೆಯಲ್ಲಿ ಸುರಿದಾಗ ತಮ್ಮಂದಿರ ನಾಲ್ಕೂ ಮಕ್ಕಳು ಬಂದು ಮುತ್ತುತ್ತಿದ್ದವಲ್ಲ, ಆ ಗಳಿಗೆಗಾಗಿಯೇ ನಾನು ಸಂತೆಗೆ ಹೋಗುತ್ತಿದ್ದೆ.

ಆಮೇಲೆ ಮನೆ ಪಾಲಾಯಿತು. ಜಗಳವೇನೂ ಆಗಲಿಲ್ಲ. ಗಿರೀಶ ಹಾವೇರಿಯಲ್ಲಿ ಬೇರೆ ಅಂಗಡಿ ಹಾಕಿ ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೇ ಹೋದ. ರಾಣೇಬೆನ್ನೂರಿನ ಮನೆ ಮಹೇಶನಿಗೆ ಬಂತು. ಹಿರಿಯರು ಕೂತು ಮಾತಾಡಿದ ದಿನ ಸೋದರಮಾವ, "ನಿಮ್ಮ ಅಕ್ಕ ಯಾರ ಕಡೆ ಇರತಾಳ?" ಎಂದು ಕೇಳಿದರು. ಇಬ್ಬರು ತಮ್ಮಂದಿರೂ "ನಮ್ಮ ಕಡೆ ಇರಲಿ" ಎಂದರು. ಆದರೆ ತುಸು ತಡೆದು ಹೇಳಿದರು. ಆ ತಡೆದದ್ದನ್ನು ಬೇರೆ ಯಾರೂ ಗಮನಿಸಲಿಲ್ಲ, ನಾನು ಗಮನಿಸಿದೆ. ಆ ವರ್ಷದ ವರ್ಗಾವಣೆಯಲ್ಲಿ ಬ್ಯಾಡಗಿಯನ್ನು ನಾನೇ ಕೇಳಿ ಪಡೆದುಕೊಂಡೆ. "ದಿನಾ ಬಸ್ಸಿಗೆ ಹೋಗಿ ಬರಬೌದಲ್ಲಕ್ಕ" ಎಂದ ಮಹೇಶ. ಬೇಡ, ಅಲ್ಲೇ ಮನೆ ಮಾಡುತ್ತೇನೆ ಎಂದೆ. ಅವನು ಎರಡನೆಯ ಸಲ ಹೇಳಲಿಲ್ಲ.

ಬ್ಯಾಡಗಿಯಲ್ಲಿ ಸಿಕ್ಕಿದ್ದು ಮಾಳಿಗೆಯ ಮೇಲಿನ ಎರಡು ಕೋಣೆ. ಕೆಳಗೆ ಮನೆಯ ಒಡತಿ ಈರವ್ವ, ಅವಳ ಗಂಡ, ಮಗ, ಸೊಸೆ ಮತ್ತು ಒಂದು ಎಮ್ಮೆ. ಈರವ್ವ ಹೆಚ್ಚು ಕಡಿಮೆ ನನ್ನ ವಯಸ್ಸಿನವಳು. ಮೆಟ್ಟಿಲ ಬುಡದ ಕಟ್ಟೆಯೇ ಅವಳ ಠಾಣೆ. ಮೇಲೆ ಹೋಗುವ ಯಾವ ಚೀಲವೂ ಅವಳ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ಮೊದಲ ವಾರ ನಾನು ಸಂತೆ ಮಾಡಿಕೊಂಡು ಬಂದಾಗ ಚೀಲದೊಳಗೆ ಇಣುಕಿ ಕೇಳಿದಳು: "ಟೀಚರ್, ಮ್ಯಾಲ ಎಷ್ಟು ಮಂದಿ ಅದೀರ್ರಿ?"

"ಒಬ್ಬಾಕೆನ."

"ಮತ್ತ ಇಷ್ಟು ಸವತಿಕಾಯಿ?"

"ಸೋವಿ ಇದ್ದುವು, ತಗೊಂಡೆ."

"ಸೋವಿ ಅಂತ ತಗೊಂಡ್ರ ತಿನ್ನಾಕ ಬಾಯಿ ಬೇಕಲ್ರಿ" ಎಂದು ಅವಳು ನಕ್ಕಳು. ನಾನೂ ನಕ್ಕೆ. ಮೇಲೆ ಹೋಗಿ ನೋಡಿದರೆ ನಿಜಕ್ಕೂ ಒಂಬತ್ತು ಮಂದಿಯ ಸಂತೆ. ಕೈಗೆ ಬೇರೆ ಅಳತೆ ಗೊತ್ತಿರಲಿಲ್ಲ. ಕೊತ್ತಂಬರಿ ಎಂದರೆ ಎರಡು ಸಿವುಡು, ಈರುಳ್ಳಿ ಎಂದರೆ ಐದು ಕಿಲೋ, ಬೇಳೆ ಎಂದರೆ ದೊಡ್ಡ ಪಾಕೀಟು. ಮಳೆಗಾಲ ಹಿಡಿದಿತ್ತು, ಕೋಣೆಯಲ್ಲಿ ತಂಪು. ರವೆಗೆ ಹುಳ ಬಿತ್ತು, ಬೆಲ್ಲ ನೀರೊಡೆಯಿತು, ಈರುಳ್ಳಿ ಮೊಳಕೆ ಬಿಟ್ಟು ಬುಟ್ಟಿಯಿಂದ ತಲೆ ಎತ್ತಿ ನನ್ನನ್ನೇ ನೋಡತೊಡಗಿತು. ಕೆಟ್ಟದ್ದನ್ನೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗಿಳಿದು ಎಮ್ಮೆಗೆ ಹಾಕುತ್ತಿದ್ದೆ. ಈರವ್ವ ಅದನ್ನೂ ನೋಡುತ್ತಿದ್ದಳು. "ನಮ್ಮ ಎಮ್ಮಿ ನೀವು ಬಂದಾಗಿಂದ ಗುಂಡಗ ಆಗೇತ್ರಿ ಟೀಚರ್" ಎನ್ನುತ್ತಿದ್ದಳು.

ಕಾಳು ಕಡಿ ಹಾಳಾಗುವುದು ಒಂದಾದರೆ ಫೋನಿನದು ಇನ್ನೊಂದು. ಸಂಜೆ ಶಾಲೆಯಿಂದ ಬಂದು ಚಹಾ ಕುಡಿದ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಓಣಿಯ ಮನೆಗಳಲ್ಲಿ ದೀಪ ಹತ್ತುತ್ತಿದ್ದವು, ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಕೆಳಗೆ ಈರವ್ವ ಸೊಸೆಯನ್ನು ಗದರುತ್ತಿದ್ದಳು. ನನಗೆ ಗದರಲೂ ಯಾರಿಲ್ಲ. ಆಗ ಫೋನು ತೆಗೆದು ಕೊಳ್ಳುವ ಸಾಮಾನುಗಳನ್ನು ನೋಡುತ್ತ ಕೂಡುತ್ತಿದ್ದೆ. ಮುಚ್ಚಳವಿರುವ ಡಬ್ಬಿಗಳ ಸೆಟ್ಟು, ತರಕಾರಿ ಹೆಚ್ಚುವ ಯಂತ್ರ, ನಾಲ್ಕು ಜನಕ್ಕಾಗುವ ಊಟದ ಚಾಪೆ. ಆರ್ಡರು ಮಾಡಿದ ಮೇಲೆ ಎರಡು ಮೂರು ದಿನ ಬರುವುದಿದೆ ಎಂಬ ಭಾವನೆ ಇರುತ್ತಿತ್ತು. ಏನೋ ಒಂದು ನನ್ನ ಹೆಸರು ಹೊತ್ತು ದಾರಿಯಲ್ಲಿದೆ ಎಂಬ ಭಾವನೆ. ಪಾರ್ಸಲ್ ತರುವವನು ಕೆಳಗೆ ನಿಂತು ನನ್ನ ಪೂರ್ತಿ ಹೆಸರನ್ನು ಕೂಗುತ್ತಿದ್ದ. ಆ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವನು ಅವನೊಬ್ಬನೇ, ಉಳಿದವರಿಗೆಲ್ಲ ನಾನು ಟೀಚರ್. ಡಬ್ಬ ಒಡೆದ ಮೇಲೆ ಒಳಗಿನ ಸಾಮಾನಿನ ಮೇಲೆ ಆಸೆ ಉಳಿಯುತ್ತಿರಲಿಲ್ಲ. ಊಟದ ಚಾಪೆಯನ್ನು ನಾನು ಒಂದು ದಿನವೂ ಹಾಸಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ. ಗಂಟೆ ಬಾರಿಸಿದ್ದೇ ತಡ, ರಾಣೇಬೆನ್ನೂರಿನ ಬಸ್ಸು. ಇಳಿದವಳೇ ಮೊದಲು ಪೇಟೆಗೆ ಹೋಗಿ ಎರಡು ಚೀಲ ತುಂಬಿಸಿಕೊಂಡು ಆಮೇಲೆ ಮನೆಗೆ. ಒಂದು ಕೊಂಡರೆ ಒಂದು ಪುಕ್ಕಟೆ ಕೊಡುವ ದೊಡ್ಡ ಅಂಗಡಿಯೊಂದು ಹೊಸದಾಗಿ ಆಗಿತ್ತು. ಪುಕ್ಕಟೆ ಬಂದದ್ದೆಲ್ಲ ಸುಧಾಳಿಗೆ ಎಂದು ನನ್ನಷ್ಟಕ್ಕೇ ಹಂಚಿಬಿಟ್ಟಿದ್ದೆ. ಮಕ್ಕಳಿರುವ ಮನೆಗೆ ಬರೀ ಕೈಯಲ್ಲಿ ಹೋಗಬಾರದು ಎನ್ನುವುದು ನೆಪ. ಚೀಲವಿದ್ದರೆ ಬಾಗಿಲಲ್ಲಿ ನಿಂತು "ಬರಲೇನು" ಎಂದು ಕೇಳಬೇಕಾಗುವುದಿಲ್ಲ, ಸೀದಾ ಅಡುಗೆಮನೆಯವರೆಗೆ ಹೋಗಬಹುದು. ಸುಧಾ ಚೀಲ ಇಸಿದುಕೊಂಡು, "ಯಾಕ್ರಿ ಅಕ್ಕಾರ ಇಷ್ಟೆಲ್ಲಾ" ಎನ್ನುತ್ತಿದ್ದಳು. ಎಲ್ಲರೂ ಹಾಗೆ ಅನ್ನುವುದೇ, ಅದಕ್ಕೆ ನಾನು ಬೆಲೆ ಕೊಡಲಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ಅಡುಗೆಮನೆಯ ಮೂಲೆಯಲ್ಲಿ, ಗ್ಯಾಸಿನ ಸಿಲಿಂಡರಿನ ಹಿಂದೆ, ನನ್ನ ಚೀಲ ಕಂಡೆ. ಹೋದ ತಿಂಗಳು ತಂದದ್ದು. ಬಾಯಿಗೆ ನಾನು ಹಾಕಿದ ಗಂಟು ಹಾಗೆಯೇ ಇತ್ತು. ಆ ಗಂಟನ್ನು ನಮ್ಮ ಮನೆಯಲ್ಲಿ ನನ್ನ ಹೊರತು ಯಾರೂ ಹಾಕುವುದಿಲ್ಲ, ಅಪ್ಪ ಬೀಜದ ಚೀಲಕ್ಕೆ ಹಾಕುತ್ತಿದ್ದ ಗಂಟು ಅದು, ಒಂದು ಎಳೆ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಯಾರೂ ಜಗ್ಗಿರಲಿಲ್ಲ. ಸುಧಾ ಬೆನ್ನು ತಿರುಗಿಸಿ ಚಹಾ ಕುದಿಸುತ್ತಿದ್ದಳು. ನಾನು ನೋಡಿದ್ದು ಅವಳಿಗೆ ಗೊತ್ತಾಗದಿರಲಿ ಎಂದು ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡೆ. ಬಹಳ ಸಂಕಟವಾಯಿತು. ಆದರೂ ಮುಂದಿನ ಶನಿವಾರ ಮತ್ತೆ ಎರಡು ಚೀಲ ಒಯ್ದೆ.

ಹೊಸ ವರ್ಷ ಬರುತ್ತಲೇ ಬ್ಯಾಡಗಿಯ ಗಾಳಿ ಬದಲಾಯಿತು. ಲಾರಿಗಳು ಬರತೊಡಗಿದವು. ಮಾರುಕಟ್ಟೆಯ ಅಂಗಳ, ರಸ್ತೆಯ ಬದಿ, ಮಾಳಿಗೆಗಳ ಮೇಲೆ ಎಲ್ಲಿ ನೋಡಿದರೂ ಕೆಂಪು. ಶಾಲೆಯಲ್ಲಿ ಪಾಠದ ನಡುವೆ ಒಂದು ಮೂಲೆಯಿಂದ ಸೀನು ಶುರುವಾದರೆ ಇನ್ನೊಂದು ಮೂಲೆ ಮುಟ್ಟುವವರೆಗೆ ನಾನು ಪುಸ್ತಕ ಹಿಡಿದು ನಿಂತಿರಬೇಕು. ಹೊರಗಿನಿಂದ ಬಂದ ಹೊಸ ಟೀಚರುಗಳು ಮೂಗಿಗೆ ಸೆರಗು ಹಿಡಿದು ತಿರುಗುತ್ತಿದ್ದರು. ನನಗೆ ಮಾತ್ರ ಆ ಘಾಟು ಬಂದದ್ದೇ ಹುರುಪು ಬಂತು. ಅವ್ವನ ಜೊತೆ ಬರುತ್ತಿದ್ದ ದಿನಗಳೇ ತಿರುಗಿ ಬಂದಂತಾಯಿತು. ಒಂದು ರವಿವಾರ ಬೆಳಿಗ್ಗೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಮೆಣಸಿನಕಾಯಿ ಕೊಳ್ಳಲು ಹೊರಟೆ.

ನಾವು ಯಾವಾಗಲೂ ಕೊಳ್ಳುತ್ತಿದ್ದ ಚಿಲ್ಲರೆ ಅಂಗಡಿಯ ಮುದುಕ ಗುರುತು ಹಿಡಿದ. "ಬರ್ರಿ ಬರ್ರಿ, ರಾಣೇಬೆನ್ನೂರವರಲ್ಲೇನ್ರಿ? ನಿಮ್ಮವ್ವಾರು ಕುಂದರೋ ಜಾಗಾ ಇಲ್ಲೇ ಐತಿ ನೋಡ್ರಿ" ಎಂದು ಚೀಲ ಸರಿಸಿ ಜಾಗ ಮಾಡಿಕೊಟ್ಟ. ನಾನು ಕಾಯಿ ಮುರಿದು ನೋಡಿದೆ, ಬೀಜ ನೋಡಿದೆ, ಅಂಗೈಯಲ್ಲಿ ಉಜ್ಜಿ ಬಣ್ಣ ನೋಡಿದೆ. ಬಣ್ಣಕ್ಕೆ ಡಬ್ಬಿ ಎಂಬ ಜಾತಿಯ ಕಾಯಿ, ಖಾರಕ್ಕೆ ಸ್ವಲ್ಪ ಗುಂಟೂರು. ಚೌಕಾಸಿ ಮಾಡಿದೆ. ಅವನು ಸೋತಂತೆ ನಟಿಸಿದ, ನಾನು ಗೆದ್ದಂತೆ ನಟಿಸಿದೆ. ಇಬ್ಬರಿಗೂ ಖುಷಿಯಾಯಿತು.

"ಎಷ್ಟು ಕಟ್ಟಲಿರಿ?" ಎಂದ.

"ಹತ್ತು ಕಿಲೋ ಡಬ್ಬಿ, ನಾಕು ಕಿಲೋ ಗುಂಟೂರು" ಎಂದೆ.

ಒಂದು ಕ್ಷಣವೂ ಯೋಚಿಸಲಿಲ್ಲ. ಒಟ್ಟಿಗಿದ್ದ ಮನೆಗೆ ವರ್ಷ ವರ್ಷ ಹೇಳುತ್ತಿದ್ದ ಮಾತು ಬಾಯಿಂದ ತಾನಾಗಿ ಬಂತು. ಅವನು ತೂಗಿ ಕಟ್ಟಿದ, ನಾನು ದುಡ್ಡು ಕೊಟ್ಟೆ, ಆಟೋದವನು ಚೀಲ ಒಳಗೆ ಹಾಕಿದ. ಆಟೋ ನಮ್ಮ ಓಣಿಗೆ ತಿರುಗಿದಾಗ ಕಟ್ಟೆಯ ಮೇಲೆ ಈರವ್ವ ಎದ್ದು ನಿಂತದ್ದು ಕಂಡಿತು. ಆಗ ಗೊತ್ತಾಯಿತು.

ಈರವ್ವ ಚೀಲ ನೋಡಿದಳು, ನನ್ನ ಮುಖ ನೋಡಿದಳು. ಅವತ್ತು ಅವಳು ಚೇಷ್ಟೆ ಮಾಡಲಿಲ್ಲ. ಚೇಷ್ಟೆ ಮಾಡಿದ್ದರೆ ಒಳ್ಳೆಯದಿತ್ತು. "ತಮ್ಮಂದಿರಿಗೂ ಸೇರಿ ತಗೊಂಡೇನಿ" ಎಂದೆ. "ಹಂಗಾ, ಚಲೋ ಆತು ಬಿಡ್ರಿ" ಎಂದಳು. ಹಾಗೆ ಹೇಳಿದ ಮೇಲೆ ನನಗೂ ಅದೇ ನಿಜವೆನಿಸಿತು. ಹೌದಲ್ಲ, ಬ್ಯಾಡಗಿಯಲ್ಲಿ ಅಕ್ಕ ಇರುವಾಗ ಅವರು ಬೇರೆಲ್ಲಿ ಖಾರ ಕೊಂಡಾರು? ಮೂರು ಭರಣಿ ಮಾಡುತ್ತೇನೆ, ಒಂದು ರಾಣೇಬೆನ್ನೂರಿಗೆ, ಒಂದು ಹಾವೇರಿಗೆ, ಚಿಕ್ಕದೊಂದು ನನಗೆ. ನನ್ನ ಖಾರ ಅವರ ಒಲೆಯ ಪಕ್ಕದಲ್ಲಿ ಇರುವವರೆಗೆ ಮನೆ ಪಾಲಾದದ್ದು ಬರೀ ಹೆಸರಿಗೆ ಎಂದುಕೊಂಡೆ.

ನಾಲ್ಕು ದಿನ ಮಾಳಿಗೆಯ ಮೇಲೆ ಒಣಗಿಸಿದೆ. ತೊಟ್ಟು ಮುರಿಯುವ ಕೆಲಸ ಮಾತ್ರ ಒಬ್ಬರಿಂದ ಆಗುವಂಥದ್ದಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಒಂದು ಮಧ್ಯಾಹ್ನ ಸಾಕಾಗುತ್ತಿತ್ತು, ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಕೂಡುತ್ತಿದ್ದರು, ಊರಿನ ಸುದ್ದಿಯೆಲ್ಲ ಅಲ್ಲಿ ಮುಗಿಯುತ್ತಿತ್ತು. ಮುಂದೆ ಅವರ ಮನೆಗೆ ತೊಟ್ಟು ಮುರಿಯಲು ನಾವು ಹೋಗುತ್ತಿದ್ದೆವು. ಈರವ್ವನನ್ನು ಕರೆದಿದ್ದರೆ ಸೊಸೆಯನ್ನೂ ಕರೆದುಕೊಂಡು ಬರುತ್ತಿದ್ದಳು. ಬಂದರೆ ಇಷ್ಟು ಯಾರಿಗೆ ಎಂದು ಮತ್ತೆ ಕೇಳುತ್ತಾಳೆ. ಕರೆಯಲಿಲ್ಲ. ಸಂಜೆ ಸಂಜೆ ಒಬ್ಬಳೇ ಕೂತು ಮುರಿದೆ. ಬೆರಳಿನ ತುದಿಗಳು ಉರಿಯುತ್ತಿದ್ದವು, ತಣ್ಣೀರು, ಎಣ್ಣೆ ಯಾವುದಕ್ಕೂ ಆ ಉರಿ ಹೋಗುತ್ತಿರಲಿಲ್ಲ. ಒಂದು ದಿನ ಮರೆತು ಕಣ್ಣೊರೆಸಿಕೊಂಡುಬಿಟ್ಟೆ. ಬಚ್ಚಲಲ್ಲಿ ನಿಂತು ಮುಖಕ್ಕೆ ನೀರು ಸುರಿದುಕೊಂಡೆ. ನೀರು ಎಷ್ಟು, ಕಣ್ಣೀರು ಎಷ್ಟು ಎಂದು ಗೊತ್ತಾಗಲಿಲ್ಲ. ಒಮ್ಮೆ ಶುರುವಾದ ಮೇಲೆ ಮೆಣಸಿನಕಾಯಿಯ ಉರಿ ಇಳಿದರೂ ನಿಲ್ಲಲಿಲ್ಲ.

ಗಿರಣಿಯಿಂದ ಪುಡಿ ಬಂದ ದಿನ ಹಾವೇರಿಗೆ ಫೋನು ಮಾಡಿದೆ. ವಿದ್ಯಾ ಎತ್ತಿದಳು. ಖಾರ ಕುಟ್ಟಿಸಿದ್ದೇನೆ, ಗಿರೀಶ ಯಾವಾಗ ಬರುತ್ತಾನೆ ಎಂದೆ.

"ಅಯ್ಯ, ಅಕ್ಕಾರ, ಮೊದಲ ಹೇಳಬಾರದಾಗಿತ್ತೇನ್ರಿ! ನಮ್ಮ ತವರಮನಿಯಿಂದ ಅವ್ವ ಕಳಿಸ್ಯಾಳ. ಅದ ಜಾಸ್ತಿ ಆಗೇತಿ" ಎಂದಳು. ಸುಳ್ಳಲ್ಲ. ತವರಿನಿಂದ ಖಾರ ಬರುವುದು ಎಲ್ಲ ಕಡೆ ಇದ್ದದ್ದೇ. ನಮ್ಮ ಮನೆಯಲ್ಲಿದ್ದಾಗ ಬರುತ್ತಿರಲಿಲ್ಲ, ಅಷ್ಟೆ.

ಉಳಿದದ್ದು ರಾಣೇಬೆನ್ನೂರು. ಫೋನು ಮಾಡಲು ಧೈರ್ಯವಾಗಲಿಲ್ಲ. ಶನಿವಾರ ಎರಡೂ ಪಾಲು ಸೇರಿಸಿ ಸ್ಟೀಲಿನ ದೊಡ್ಡ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಮಹೇಶ ಅಂಗಡಿಯಲ್ಲಿದ್ದ, ಮಕ್ಕಳು ಟ್ಯೂಷನ್ನಿಗೆ ಹೋಗಿದ್ದವು. ಸುಧಾ ಡಬ್ಬಿ ನೋಡಿ ಇಸಿದುಕೊಳ್ಳಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು. ಆಮೇಲೆ, "ಅಕ್ಕಾರ, ಒಂದು ಮಾತು ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ" ಎಂದಳು.

"ಹೇಳು."

"ಈ ಸಲ ನಾನ ಹೋಗಿ ಕಾಯಿ ತಂದು ಕುಟ್ಟಿಸೇನ್ರಿ. ಈ ಮನಿಗೆ ಬಂದು ಎಷ್ಟು ವರ್ಷ ಆತು, ಎಣ್ಣಿ ಎಷ್ಟು ಬೇಕು, ಬ್ಯಾಳಿ ಎಷ್ಟು ಬೇಕು ಅಂತ ನನ್ನ ಯಾರೂ ಕೇಳಿದ್ದಿಲ್ಲ. ನೀವು ತರತಿದ್ರಿ, ನಾವು ಬೇಯಿಸತಿದ್ವಿ. ತಪ್ಪು ಅಂತ ಹೇಳಾಕತ್ತಿಲ್ರಿ. ಈಗ ನಾನ ಸಂತಿ ಮಾಡಾಕತ್ತೇನಿ. ಹ್ವಾದ ತಿಂಗಳ ಎಣ್ಣಿ ಕಡಿಮಿ ಬಿತ್ತು, ಈ ತಿಂಗಳ ಬರೊಬ್ಬರಿ ಆತು. ಏನರ ಕೆಡಿಸಿದ್ರ ನನಗ ಗೊತ್ತಾಗತೈತಿ ನಾ ಕೆಡಿಸಿದ್ದು ಅಂತ. ನೀವು ಶನಿವಾರ ಶನಿವಾರ ಚೀಲ ತಂದ್ರ ನನ್ನ ಲೆಕ್ಕ ಎಲ್ಲಾ ಕಲಸಿ ಹೋಗತೈತ್ರಿ. ಬಳಸಾಕೂ ಆಗಂಗಿಲ್ಲ, ಒಗ್ಯಾಕೂ ಮನಸ್ಸು ಬರಂಗಿಲ್ಲ."

ಬಹಳ ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದಳೆಂದು ಕಾಣುತ್ತದೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಹುಡುಗಿ ಇಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಅಂದ್ರ ಚೀಲ ಬ್ಯಾಡ" ಎಂದೆ. "ಚೀಲ ಬ್ಯಾಡ್ರಿ" ಎಂದಳು. ಚೀಲವಿಲ್ಲದ ನಾನು ಬೇಕೋ ಬೇಡವೋ, ಅದನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಹಾ ಕುಡಿದು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅದೇ ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಡಬ್ಬಿಯ ಘಾಟಿಗೆ ಬಸ್ಸಿನಲ್ಲಿ ಎದ್ದ ಸೀನುಗಳ ನಡುವೆ ನನ್ನ ಮುಖವನ್ನು ಯಾರೂ ನೋಡಲಿಲ್ಲ, ಅದು ಒಳ್ಳೆಯದಾಯಿತು.

ಖಾರವನ್ನು ಏನು ಮಾಡುವುದು? ಮಾರುವ ಮನಸ್ಸಾಗಲಿಲ್ಲ. ಶಾಲೆಯ ಬಿಸಿಯೂಟದ ಅಡುಗೆಯವರಿಗೆ ಬಹುಪಾಲು ಕೊಟ್ಟೆ, ಈರವ್ವನಿಗೆ ಒಂದಿಷ್ಟು ಕೊಟ್ಟೆ. ಅವಳು ನಾಲಿಗೆಗೆ ಹಚ್ಚಿ ನೋಡಿ, "ಭಾರಿ ಆಗೇತ್ರಿ ಟೀಚರ್, ತಮ್ಮಂದಿರ ನಸೀಬ ಚಲೋ ಐತಿ" ಎಂದಳು. ಹೌದು ಎಂದೆ. ಮಾರನೆಯ ವಾರ ಬಿಸಿಯೂಟದ ಸಾರು ಕೆಂಪಗೆ ಕಂಡು ಮಕ್ಕಳು ಮೊದಲು ಹೆದರಿದವು, ಆಮೇಲೆ ಎರಡೆರಡು ಸಲ ಹಾಕಿಸಿಕೊಂಡವು. ಅದನ್ನು ನೋಡುತ್ತ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಒಬ್ಬಳಿಗೆ ಎಷ್ಟು ಬೇಕು ಎನ್ನುವುದನ್ನು ನಾನು ಆ ಬೇಸಿಗೆಯಲ್ಲಿ ಕಲಿತೆ. ಕಲಿಯುವ ವಯಸ್ಸಲ್ಲ, ಆದರೂ ಕಲಿತೆ. ಮೊದಲು ಮನೆಯಲ್ಲಿದ್ದದ್ದನ್ನೆಲ್ಲ ತಿಂದು ಮುಗಿಸುವುದು ಎಂದು ಹಟ ಹಿಡಿದೆ. ಡಬ್ಬಿಯ ತಳ ಕಾಣುವವರೆಗೆ ಹೊಸದು ತರುವಂತಿಲ್ಲ. ಒಂದು ವಾರ ಬರೀ ಹೆಸರುಕಾಳು, ಇನ್ನೊಂದು ವಾರ ಅವಲಕ್ಕಿ. ಆಮೇಲೆ ಅಂಗಡಿಗೆ ಹೋಗಿ ಕಾಲು ಕಿಲೋ ಬೇಳೆ ಕೇಳಿದಾಗ ಅಂಗಡಿಯವನು ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನೋಡಿದ. ಸಂತೆಯಲ್ಲಿ ಒಂದು ಬದನೆಕಾಯಿ, ಎರಡು ಟೊಮೆಟೊ ಆರಿಸಿ ಕೊಟ್ಟರೆ ತೂಗುವವಳಿಗೆ ನಗು. "ಇದನ್ನ ಏನು ತೂಗಲೆವ್ವಾ, ಹಂಗ ಒಯ್ಯಿ" ಎಂದಳೊಬ್ಬಳು. ಪುಕ್ಕಟೆ ಬೇಡ ಎಂದು ಜಗಳ ಮಾಡಿ ದುಡ್ಡು ಕೊಟ್ಟೆ. ಕಡಿಮೆ ದುಡ್ಡಿಗೆ ಜಗಳವಾಡಿದವಳು ಜಾಸ್ತಿ ಕೊಡಲು ಜಗಳವಾಡಿದ್ದು ಅದೇ ಮೊದಲು.

ಫೋನಿನದು ಅದಕ್ಕಿಂತ ಕಷ್ಟವಾಯಿತು. ನನಗೆ ಕೊಳ್ಳುವ ಆಸೆ ಬರುವುದು ದೀಪ ಹಚ್ಚುವ ಹೊತ್ತಿಗೆ ಮಾತ್ರ ಎನ್ನುವುದನ್ನು ಗಮನಿಸಿದೆ. ಬೆಳಿಗ್ಗೆ ಬರುವುದಿಲ್ಲ, ಶಾಲೆಯಲ್ಲಿ ಬರುವುದಿಲ್ಲ. ಹಾಗಾಗಿ ಆರ್ಡರು ಮಾಡುವುದಿದ್ದರೆ ಬೆಳಿಗ್ಗೆ ಎದ್ದು ಮಾಡುವುದು ಎಂದು ನಿಯಮ ಹಾಕಿಕೊಂಡೆ. ಬೆಳಿಗ್ಗೆ ನೋಡಿದರೆ ಆ ಸಾಮಾನು ಯಾಕೆ ಬೇಕಿತ್ತೆಂದು ನೆನಪೇ ಆಗುತ್ತಿರಲಿಲ್ಲ. ಮಿಕ್ಸರಿನ ಜಾರು ಕೆಟ್ಟಾಗ ಹೊಸ ಮಿಕ್ಸರು ನೋಡದೆ ಪೇಟೆಗೆ ಹೋಗಿ ಬ್ಲೇಡು ಹಾಕಿಸಿಕೊಂಡು ಬಂದೆ. ಊಟದ ಚಾಪೆಯನ್ನು ಈರವ್ವನ ಸೊಸೆಗೆ ಕೊಟ್ಟೆ, ಅವರು ನಾಲ್ವರು ಅದರ ಮೇಲೆ ಕೂತು ಉಂಡರು. ಪಾರ್ಸಲ್ಲಿನವನು ಓಣಿಯಲ್ಲಿ ಸಿಕ್ಕಾಗ, "ಯಾಕ್ರಿ ಮೇಡಂ, ಊರು ಬಿಟ್ರೇನು ಅಂದುಕೊಂಡೆ" ಎಂದ.

ಇದರಿಂದ ಮನಸ್ಸು ಹಗುರಾಯಿತು ಎಂದು ಬರೆಯುವ ಆಸೆಯಿದೆ. ಮನೆ ಹಗುರಾಯಿತು, ಅದು ನಿಜ. ಏನೂ ಕೆಡುತ್ತಿರಲಿಲ್ಲ, ಎಮ್ಮೆಯ ಪಾಲು ನಿಂತಿತ್ತು, ಕಪಾಟಿನ ಬಾಗಿಲು ತಾನಾಗಿ ಮುಚ್ಚುತ್ತಿತ್ತು. ಆದರೆ ಸಾಮಾನು ಕಡಿಮೆಯಾದ ಮೇಲೆ ಆ ಎರಡು ಕೋಣೆಯಲ್ಲಿ ನಾನು ಒಬ್ಬಳೇ ಇರುವುದು ಚೆನ್ನಾಗಿ ಕಾಣತೊಡಗಿತು. ಮೊದಲು ಡಬ್ಬ ಚೀಲಗಳ ನಡುವೆ ಅದು ಅಷ್ಟಾಗಿ ಕಾಣುತ್ತಿರಲಿಲ್ಲ. ಒಂದು ಪುಟ್ಟ ಪಾತ್ರೆಯಲ್ಲಿ ಅನ್ನ ಮಾಡಿ, ಅದರಲ್ಲೇ ಉಂಡು, ಅದೊಂದನ್ನೇ ತೊಳೆದು ಬೋರಲು ಹಾಕಿದರೆ ಆ ದಿನದ ಕೆಲಸ ಮುಗಿಯಿತು. ಹೊರಗೆ ಇನ್ನೂ ಬೆಳಕಿರುತ್ತಿತ್ತು. ಕಿಟಕಿಯ ಬಳಿ ಕೂತು ಮೆಣಸಿನಕಾಯಿ ಲಾರಿಗಳು ಹೋಗುವುದನ್ನು ನೋಡುತ್ತಿದ್ದೆ. ಶನಿವಾರ ಬಂದರೆ ಹೆಚ್ಚು ಕಷ್ಟ. ಚೀಲವಿಲ್ಲದೆ ಆ ಮನೆಯ ಬಾಗಿಲಿಗೆ ಹೋಗಿ ನಿಂತರೆ ಏನಾಗುತ್ತದೆ ಎಂ​ದು ನೋಡುವ ಧೈರ್ಯ ನನಗಿರಲಿಲ್ಲ. ಹೋಗಲಿಲ್ಲ. ಮಹೇಶ ಎರಡು ಸಲ ಫೋನು ಮಾಡಿ ಅರಾಮಿದ್ದೀಯಾ ಎಂದು ಕೇಳಿದ, ಅರಾಮಿದ್ದೇನೆ ಎಂದೆ.

ಪರೀಕ್ಷೆಗಳು ಮುಗಿದು ಮಕ್ಕಳಿಗೆ ರಜೆ ಬಿಟ್ಟಿತ್ತು. ಒಂದು ಶುಕ್ರವಾರ ಸುಧಾಳ ಫೋನು ಬಂತು.

"ಅಕ್ಕಾರ, ಯಾಕ್ರಿ, ಈ ಕಡೆ ಹಾದೀನ ಮರತ್ರಿ? ನನ್ನ ಮ್ಯಾಲ ಸಿಟ್ಟೇನ್ರಿ?"

"ಇಲ್ಲವಾ, ಪೇಪರ್ ತಿದ್ದೋದು ಇತ್ತು."

"ನಾಳೆ ಊಟಕ್ಕ ಬರ್ರಿ. ಏನೂ ತರಬ್ಯಾಡ್ರಿ ಮತ್ತ."

ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಾವಿನಹಣ್ಣು ಬಂದಿದ್ದವು. ಪೇಟೆಯ ದಾರಿ ಬಿಟ್ಟು ಹಿಂದಿನ ಓಣಿಯಿಂದ ನಡೆದೆ. ಆದರೂ ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿಯನ್ನು ಹಿಡಿದುಕೊಂಡೇ ಹೋದೆ. ಬಾಗಿಲು ತೆರೆದಿತ್ತು. ನಾನು ಹುಟ್ಟಿ ಬೆಳೆದ ಮನೆ, ಹೊಸ್ತಿಲಲ್ಲಿ ನಿಂತು "ಸುಧಾ" ಎಂದು ಕರೆದೆ. ಚಿಕ್ಕವನು ಓಡಿ ಬಂದು, "ಅತ್ತೀ, ಏನು ತಂದಿ?" ಎಂದ. ಏನೂ ತಂದಿಲ್ಲಪ್ಪಾ ಎಂದೆ. ಅವನು ನನ್ನ ಎರಡೂ ಕೈ ನೋಡಿ, ಹೆಗಲ ಬ್ಯಾಗು ನೋಡಿ, ನಿಜವೆಂದು ಖಾತ್ರಿಯಾದ ಮೇಲೆ ಆಡಲು ಹೋದ.

ಸುಧಾ ಬಿಸಿ ರೊಟ್ಟಿ, ಎಣಗಾಯಿ ಮಾಡಿದ್ದಳು. ಮಹೇಶ ಪಕ್ಕದಲ್ಲಿ ಕೂತ. ಎಣಗಾಯಿಯಲ್ಲಿ ಅವಳೇ ಕುಟ್ಟಿಸಿದ ಖಾರ. ನನ್ನದಕ್ಕಿಂತ ಗುಂಟೂರು ಸ್ವಲ್ಪ ಮುಂದಾಗಿತ್ತು, ಬಣ್ಣ ತುಸು ಹಿಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಚಲೋ ಆಗೇತಿ" ಎಂದೆ. ಚೆನ್ನಾಗಿಯೇ ಆಗಿತ್ತು. ಅವಳ ಮುಖ ಅರಳಿತು. ಪಾತ್ರೆಯಲ್ಲಿ ಒಂದು ತುತ್ತೂ ಉಳಿಯಲಿಲ್ಲ, ಯಾರಿಗೂ ಕಡಿಮೆಯೂ ಬೀಳಲಿಲ್ಲ. ಅವ್ವ ಇದ್ದಿದ್ದರೆ ಮೆಚ್ಚುತ್ತಿದ್ದಳು. ತಾಟು ತೊಳೆಯಲು ಎದ್ದೆ, "ಇಡ್ರಿ ಅಕ್ಕಾರ, ನೀವ್ಯಾಕ" ಎಂದು ಕೈಯಿಂದ ಇಸಿದುಕೊಂಡಳು.

ಹೊತ್ತು ಇಳಿಯುವವರೆಗೆ ಇದ್ದೆ, ಮಾತಾಡಿದೆವು. ಒಳ್ಳೆಯ ದಿನ ಅದು. ಹೊರಡುವಾಗ ಸುಧಾ ಬಾಗಿಲವರೆಗೆ ಬಂದಳು.

"ಮುಂದಿನ ಶನಿವಾರನೂ ಬರ್ರಿ ಅಕ್ಕಾರ" ಎಂದಳು. ನನ್ನ ಜೀವ ಹೂವಾಯಿತು. ಅಷ್ಟರಲ್ಲಿ ಅವಳು ಮುಂದುವರಿಸಿದಳು: "ಬರೋದಿದ್ರ ಹಿಂದಿನ ದಿನ ಒಂದು ಫೋನ್ ಮಾಡ್ರಿ. ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತೇನಿ. ಇಲ್ಲಂದ್ರ ಬರೇ ನಮ್ಮಷ್ಟಕ್ಕ ಹಾಕಿರತೇನ್ರಿ."

ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಲೆಕ್ಕ ಬಲ್ಲ ಹೆಂಗಸು ಹೇಳುವ ಮಾತೇ ಅದು, ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಬೇರೆಯವರಿಗೆ ಹೇಳುತ್ತಿದ್ದೆ, ಮನೆಯವರಿಗಲ್ಲ.

"ಆತವಾ, ಹೇಳ್ತೇನಿ" ಎಂದೆ.

ಅಂದಿನಿಂದ ಆ ಮನೆಗೆ ನಾನು ಹೇಳಿಯೇ ಹೋಗುತ್ತೇನೆ.